ದೋಷಶೋಧನೆ

ಯಂತ್ರವು ಕೆಟ್ಟಾಗ ಸಿಟ್ಟಿನಿಂದ ಅದನ್ನು ಕುಟ್ಟುವವರುಂಟು. ಕೈಗೆ ಸಿಕ್ಕ ಭಾಗವನ್ನೆಲ್ಲ ಬದಲಾಯಿಸುವವರೂ ಉಂಟು. ಇಬ್ಬರಿಗೂ ಒಮ್ಮೊಮ್ಮೆ ಫಲ ದೊರೆಯಬಹುದು. ಆದರೆ ದೋಷ ಯಾವುದೆಂಬುದು ಇಬ್ಬರಿಗೂ ತಿಳಿಯದು. ಕಾರಣ ತಿಳಿಯದೆ ಮಾಡಿದ ದುರಸ್ತಿಯನ್ನು ನಂಬುವಂತಿಲ್ಲ. ಮೈಕ್ರೊಪ್ರೊಸೆಸರ್ ಇರುವ ಫಲಕವನ್ನು ಸರಿಪಡಿಸುವವನು ಈ ಮಾತನ್ನು ಎಂದೂ ಮರೆಯಬಾರದು.

1976ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 8085 ಎಂಬ ಚಿಪ್ಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಲವತ್ತು ಕಾಲುಗಳುಳ್ಳ ಇದು ಕೆಲಸ ಮಾಡಬೇಕಾದರೆ ಮೊದಲು ಮೂರು ಸಂಗತಿಗಳು ಸರಿಯಿರಬೇಕು. ಒಂದು, 5 ವೋಲ್ಟಿನ ವಿದ್ಯುತ್ತು. ಇದನ್ನು ಫಲಕದ ಅಂಚಿನಲ್ಲಲ್ಲ, ಚಿಪ್ಪಿನ ಕಾಲಿನಲ್ಲಿಯೇ ಅಳೆಯಬೇಕು. ನಡುವೆ ಎಲ್ಲಿಯಾದರೂ ಬೆಸುಗೆ ಬಿಟ್ಟಿರಬಹುದು. ಎರಡು, ಸ್ಫಟಿಕದಿಂದ ಬರುವ ಮಿಡಿತ. ಸೆಕೆಂಡಿಗೆ ಲಕ್ಷಗಟ್ಟಲೆಯಾಗಿ ಬರುವ ಈ ಮಿಡಿತವಿಲ್ಲದೆ ಚಿಪ್ಪು ಒಂದು ಹೆಜ್ಜೆಯನ್ನೂ ಇಡಲಾರದು. ಮೂರು, ರೀಸೆಟ್ ಸಂಕೇತ. ಇದರ ತಡೆ ತೆರವಾದೊಡನೆ ಚಿಪ್ಪು ಸೊನ್ನೆಯ ವಿಳಾಸದಿಂದ ಕೆಲಸವನ್ನು ಪ್ರಾರಂಭಿಸುತ್ತದೆ. ತೆರವಾಗದಿದ್ದರೆ ಇಡೀ ಫಲಕ ಮೂಕವಾಗಿರುತ್ತದೆ.

ಈ ಮೂರೂ ಸರಿಯಿದ್ದರೆ ಮೆಮೊರಿಯನ್ನು ಪರೀಕ್ಷಿಸಬೇಕು. ಪ್ರತಿಯೊಂದು ವಿಳಾಸದಲ್ಲಿಯೂ 10101010 ಎಂದು ಬರೆದು ಮರಳಿ ಓದಬೇಕು. ಅನಂತರ 01010101 ಎಂದು ಬರೆದು ಓದಬೇಕು. ಮೊದಲನೆಯದರಲ್ಲಿ 1 ಇದ್ದೆಡೆ ಎರಡನೆಯದರಲ್ಲಿ 0 ಇರುವುದರಿಂದ, ಒಂದೇ ಅಂಕಿಗೆ ಅಂಟಿಕೊಂಡ ಕೋಶ ಯಾವುದಿದ್ದರೂ ಸಿಕ್ಕಿಬೀಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಅದರ ಫಲವನ್ನು ಬರೆದಿಡುವುದು ಒಳ್ಳೆಯ ಕುಶಲಕರ್ಮಿಯ ಲಕ್ಷಣ.

ದುರಸ್ತಿಯಾದ ಬಳಿಕ ದೀಪ ಹೊತ್ತಿತೆಂದು ತೃಪ್ತಿಪಡಬಾರದು. ಬಿರುಕುಬಿಟ್ಟ ಬೆಸುಗೆ ತಣ್ಣಗಿರುವಾಗ ಕೂಡಿಕೊಂಡು, ಬಿಸಿಯೇರಿದಾಗ ಬಿಡುವುದುಂಟು. ಆದುದರಿಂದ ಯಾವ ಸ್ಥಿತಿಯಲ್ಲಿ ಫಲಕ ಕೆಟ್ಟಿತ್ತೋ ಅದೇ ಸ್ಥಿತಿಯಲ್ಲಿ, ಹಲವು ಗಂಟೆಗಳ ಕಾಲ ಅದನ್ನು ನಡೆಸಿ ನೋಡಬೇಕು.

ಈ ಮಾರ್ಗದ ಬೆಲೆಯನ್ನು ವಾಯೇಜರ್ 1 ನೌಕೆಯ ವೃತ್ತಾಂತವು ತೋರಿಸುತ್ತದೆ. 1977ರಲ್ಲಿ ಹಾರಿದ ಆ ನೌಕೆಯಲ್ಲಿರುವುದು ಮೈಕ್ರೊಪ್ರೊಸೆಸರ್ ಅಲ್ಲ, ಹಳೆಯ ಮಾದರಿಯ ಕಂಪ್ಯೂಟರ್. ಆದರೆ ಶೋಧನೆಯ ರೀತಿ ಒಂದೇ. 2023ರ ನವೆಂಬರಿನಲ್ಲಿ ಅದು ಅರ್ಥವಿಲ್ಲದ ಅಂಕಿಗಳನ್ನು ಕಳುಹಿಸತೊಡಗಿತು. ಆಗ ಅದು ಸುಮಾರು 2,400 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಸಂಕೇತ ಹೋಗಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. 2024ರ ಮಾರ್ಚಿನಲ್ಲಿ ಎಂಜಿನಿಯರುಗಳು ಮೆಮೊರಿಯ ಪ್ರತಿಯನ್ನು ತರಿಸಿಕೊಂಡು, ಹಿಂದಿನ ಪ್ರತಿಯೊಡನೆ ಹೋಲಿಸಿದರು. ನೂರಕ್ಕೆ ಸುಮಾರು ಮೂರು ಭಾಗ ಕೆಟ್ಟಿತ್ತು. ಅದಕ್ಕೆ ಒಂದು ಚಿಪ್ಪು ಕಾರಣವೆಂದು ಅವರು ನಿರ್ಣಯಿಸಿದರು. ಚಿಪ್ಪನ್ನು ಬದಲಾಯಿಸುವಂತಿರಲಿಲ್ಲ. ಅದರಲ್ಲಿದ್ದ ಆದೇಶಗಳನ್ನು ಬಿಡಿಸಿ, ಮೆಮೊರಿಯ ಬೇರೆ ಬೇರೆ ಕಡೆಗಳಲ್ಲಿ ಇರಿಸಲು ಯೋಜಿಸಿದರು. ಏಪ್ರಿಲ್ 18ರಂದು ಮೊದಲ ಕಂತನ್ನು ಕಳುಹಿಸಿ, 20ರಂದು ಬಂದ ಉತ್ತರದಿಂದ ಅದು ಸಫಲವಾಯಿತೆಂದು ಖಚಿತಪಡಿಸಿಕೊಂಡರು. ಆಮೇಲೆಯೇ ಉಳಿದ ಭಾಗಗಳಿಗೆ ಕೈಹಾಕಿದರು. ಜೂನ್ ತಿಂಗಳಿನಲ್ಲಿ ನಾಲ್ಕು ಉಪಕರಣಗಳೂ ಮತ್ತೆ ಮಾಹಿತಿಯನ್ನು ಕಳುಹಿಸುತ್ತಿದ್ದವು.

ಅಲ್ಲಿ ಊಹೆಯಿಂದ ಒಂದು ತಪ್ಪು ಹೆಜ್ಜೆಯಿಟ್ಟಿದ್ದರೆ ನೌಕೆಯೇ ಕೈತಪ್ಪಬಹುದಿತ್ತು. ಊಹಿಸುವುದು ತಪ್ಪಲ್ಲ, ಪರೀಕ್ಷಿಸದೆ ಊಹೆಯನ್ನು ನಂಬುವುದು ತಪ್ಪು.

ಅಭ್ಯಾಸ
1. 8085 ಚಿಪ್ಪು ಕೆಲಸ ಮಾಡಲು ಯಾವ ಮೂರು ಸಂಗತಿಗಳು ಸರಿಯಿರಬೇಕು?
2. ಮೆಮೊರಿಯನ್ನು ಎರಡು ಬೇರೆ ಸಂಖ್ಯೆಗಳಿಂದ ಏಕೆ ಪರೀಕ್ಷಿಸಬೇಕು?
3. ‘ದೀಪ ಹೊತ್ತಿತೆಂದು ತೃಪ್ತಿಪಡಬಾರದು’ – ಈ ಮಾತನ್ನು ವಿವರಿಸಿರಿ.