ಕೋಟೆಯಾಗಿದ್ದ ಕಾಡು

ಕೋಟೆ ಎಂದೊಡನೆ ಕಲ್ಲಿನ ಗೋಡೆಯೂ ಕಂದಕವೂ ನಮ್ಮ ಕಣ್ಣಿಗೆ ಕಟ್ಟುತ್ತವೆ. ಆದರೆ ಬೆಳೆದು ನಿಂತ ಕಾಡನ್ನೇ ಕೋಟೆಯಾಗಿ ಮಾಡಿಕೊಂಡು ಬಾಳಿದ ಜನರೂ ಉಂಟು. ಅವರು ಪೂರ್ವ ಆಫ್ರಿಕದ ಕೆನ್ಯಾ ದೇಶದ ಕರಾವಳಿಯ ಮಿಜಿಕೆಂಡ ಜನರು. ಮಿಜಿಕೆಂಡ ಎಂದರೆ 'ಒಂಬತ್ತು ಊರುಗಳು'. ಗಿರಿಯಾಮ, ಡಿಗೊ, ಡುರುಮ, ರಬಾಯಿ ಮೊದಲಾದ ಒಂಬತ್ತು ಪಂಗಡಗಳಿಗೆ ಒಟ್ಟಾಗಿ ಈ ಹೆಸರು ಸಲ್ಲುತ್ತದೆ.

ಇವರ ಪೂರ್ವಿಕರು ಉತ್ತರದ ಶುಂಗ್ವಾಯ ಎಂಬ ನಾಡಿನಿಂದ, ಶತ್ರುಗಳ ಕಾಟವನ್ನು ತಾಳಲಾರದೆ, ದಕ್ಷಿಣಕ್ಕೆ ಬಂದರೆಂದು ಪರಂಪರೆಯ ಕಥೆಗಳು ಹೇಳುತ್ತವೆ. 16ನೆಯ ಶತಮಾನದಿಂದೀಚೆಗೆ ಅವರು ಕಾಡಿನ ನಡುವೆ ಊರುಗಳನ್ನು ಕಟ್ಟಿಕೊಂಡರು. ಇಂತಹ ಊರಿಗೆ 'ಕಾಯಾ' ಎಂದು ಹೆಸರು. ಅವರ ನುಡಿಯಲ್ಲಿ ಇದಕ್ಕೆ 'ಮನೆ' ಎಂದರ್ಥ. ನಟ್ಟನಡುವೆ ಬಯಲು, ಅದರಲ್ಲಿ ಗುಡಿಸಲುಗಳು, ಸುತ್ತಲೂ ದಟ್ಟವಾದ ಮರಗಳು. ಒಳಹೊಗಲು ಕಿರಿದಾದ ಕಾಲುದಾರಿಗಳು ಮಾತ್ರ, ಅವುಗಳಿಗೆ ಬಾಗಿಲುಗಳು. ಊರನ್ನು ಕಾಯುವುದೆಂದು ನಂಬಿದ 'ಫಿಂಗೊ' ಎಂಬ ಪವಿತ್ರ ವಸ್ತುವನ್ನು ನೆಲದಲ್ಲಿ ಹೂಳಿರುತ್ತಿದ್ದರು. ಇಲ್ಲಿ ಒಂದು ಮರವನ್ನು ಕಡಿಯುವುದೆಂದರೆ ಕೋಟೆಯ ಗೋಡೆಯಲ್ಲಿ ಒಂದು ಕಂಡಿಯನ್ನು ಕೊರೆದಂತೆಯೇ ಅಲ್ಲವೆ?

ಕಾಲಕ್ರಮದಲ್ಲಿ ಶತ್ರುಭಯವು ತಗ್ಗಿತು. ಜನರು ಹೊಲಗಳ ಬಳಿಗೆ ಚದುರಿದರು. 1940ರ ದಶಕದ ವೇಳೆಗೆ ಕಾಯಾಗಳು ಬರಿದಾದವು. ಊರು ಹೋಯಿತು, ಆದರೆ ಮರ ಕಡಿಯಬಾರದೆಂಬ ಕಟ್ಟಳೆ ಹೋಗಲಿಲ್ಲ. ಏಕೆಂದರೆ ಹಿರಿಯರ ಸಮಾಧಿಗಳೂ ಪ್ರಾರ್ಥನೆಯ ತಾಣಗಳೂ ಅಲ್ಲಿಯೇ ಉಳಿದಿದ್ದವು. ವೃದ್ಧರ ಮಂಡಲಿಯು ಆ ಕಟ್ಟಳೆಯನ್ನು ಕಾಯ್ದುಕೊಂಡು ಬಂದಿತು. ಕಾಯಾಕ್ಕೆ ಜನರ ಮನಸ್ಸಿನಲ್ಲಿದ್ದ ಸ್ಥಾನವನ್ನು ಒಂದು ಘಟನೆಯಿಂದ ಅರಿಯಬಹುದು. 1913ರಲ್ಲಿ ಮೆಕಟಿಲಿಲಿ ವಾ ಮೆಂಜಾ ಎಂಬ ಗಿರಿಯಾಮ ಮಹಿಳೆಯು ಬ್ರಿಟಿಷರ ವಿರುದ್ಧ ಜನರನ್ನು ಕಾಯಾ ಫುಂಗೊದಲ್ಲಿ ಸೇರಿಸಿ ಪ್ರತಿಜ್ಞೆ ಮಾಡಿಸಿದಳು. 1914ರಲ್ಲಿ ಬ್ರಿಟಿಷರು ಆ ಕಾಯಾವನ್ನೇ ಡೈನಮೈಟಿನಿಂದ ಸಿಡಿಸಿದರು.

ಈಗ ಈ ಕಾಡುಗಳ ಗಾತ್ರವನ್ನು ಕುರಿತು ವಿಚಾರಿಸೋಣ. ಇವುಗಳಲ್ಲಿ ಹಲವು ಬಹಳ ಚಿಕ್ಕವು. ಕಾಯಾ ಕಿನೊಂಡೊ ಸುಮಾರು 30 ಹೆಕ್ಟೇರು ಮಾತ್ರ. ದಟ್ಟ ಕಾಡಿನ ಒಳಗೆ ಎಲೆಗಳ ಚಪ್ಪರವು ಬಿಸಿಲನ್ನು ತಡೆಯುತ್ತದೆ. ಎಲೆಗಳಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಅಲ್ಲಿನ ಗಾಳಿಯು ತಂಪಾಗಿಯೂ ತೇವವಾಗಿಯೂ ಇರುತ್ತದೆ. ಅಂಚಿನಲ್ಲಾದರೋ ಬಿಸಿಲು ಓರೆಯಾಗಿ ಒಳನುಗ್ಗುತ್ತದೆ. ಬಯಲಿನ ಒಣಗಾಳಿಯು ತೇವವನ್ನು ಒಯ್ಯುತ್ತದೆ. ನೆರಳನ್ನೂ ತೇವವನ್ನೂ ಬೇಡುವ ಗಿಡಗಳು ಅಲ್ಲಿ ನಿಲ್ಲಲಾರವು.

ಈ ಪರಿಣಾಮವು ಅಂಚಿನಿಂದ 50 ಮೀಟರ್ ಒಳಗಿನವರೆಗೆ ಇರುವುದೆಂದು ಲೆಕ್ಕಕ್ಕಾಗಿ ಭಾವಿಸೋಣ. 30 ಹೆಕ್ಟೇರಿನ ಕಾಡು ವೃತ್ತಾಕಾರವಾಗಿದ್ದರೆ ಅದರ ತ್ರಿಜ್ಯವು ಸುಮಾರು 310 ಮೀಟರ್. ಒಳಕಾಡಿನ ತ್ರಿಜ್ಯವು 260 ಮೀಟರ್. ವೃತ್ತದ ವಿಸ್ತೀರ್ಣವು ತ್ರಿಜ್ಯದ ವರ್ಗವನ್ನು ಅನುಸರಿಸುವುದರಿಂದ, ಒಳಕಾಡು ಒಟ್ಟು ಕಾಡಿನಲ್ಲಿ ನೂರಕ್ಕೆ 70 ಪಾಲು. ತ್ರಿಜ್ಯವು 100 ಮೀಟರ್ ಮಾತ್ರವೇ ಇದ್ದರೆ ಅದು ನೂರಕ್ಕೆ 25 ಪಾಲಿಗೆ ಇಳಿಯುತ್ತದೆ. ಈ ಚಿಕ್ಕ ಕಾಡಿನ ಸುತ್ತಲೂ 10 ಮೀಟರ್ ಅಗಲದ ಪಟ್ಟಿಯನ್ನು ಕಡಿದರೆ ಕಾಡಿನಲ್ಲಿ ನೂರಕ್ಕೆ 19 ಪಾಲು ನಷ್ಟವಾಗುತ್ತದೆ. ಒಳಕಾಡಿನಲ್ಲಾದರೋ ನಷ್ಟವು ನೂರಕ್ಕೆ 36 ಪಾಲು! ಅಂಚಿನ ನಾಲ್ಕು ಮರ ಕಡಿದರೇನು ಎಂಬ ಮಾತು ಎಷ್ಟು ತಪ್ಪೆಂಬುದನ್ನು ವಿದ್ಯಾರ್ಥಿಗಳು ಇದರಿಂದ ತಿಳಿಯಬಹುದು.

ಅಂಚನ್ನು ಒತ್ತುವ ಶಕ್ತಿಗಳು ಇಂದು ಹಲವು: ಸಾಗುವಳಿ, ಮರದ ಬೇಡಿಕೆ, ಕಡಲ ತೀರದ ಹೋಟೆಲುಗಳು, ಗಣಿಗಳು. ಯುವಕರಲ್ಲಿ ಹಳೆಯ ಕಟ್ಟಳೆಗಳ ಮೇಲಿನ ಗೌರವವೂ ಕುಗ್ಗುತ್ತಿದೆ. 1992ರಿಂದ ಕೆನ್ಯಾ ಸರ್ಕಾರವು ಕಾಯಾಗಳನ್ನು ರಾಷ್ಟ್ರೀಯ ಸ್ಮಾರಕಗಳೆಂದು ಸಾರತೊಡಗಿತು. 2008ರಲ್ಲಿ ಯುನೆಸ್ಕೊ ಸಂಸ್ಥೆಯು ಇವುಗಳಲ್ಲಿ ಕೆಲವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2009ರಲ್ಲಿ ಅದೇ ಸಂಸ್ಥೆಯು ಕಾಯಾಗಳ ಆಚಾರಗಳನ್ನೂ ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಸಾಲಿಗೆ ಸೇರಿಸಿತು. ಈ ಎರಡನೆಯ ಕ್ರಮವೇ ಹೆಚ್ಚು ಅರ್ಥವತ್ತಾದುದೆಂದು ನಮಗೆ ತೋರುತ್ತದೆ. ಒಂದು ಕಾಲಕ್ಕೆ ಕಾಡು ಜನರನ್ನು ಕಾಯಿತು; ಬಳಿಕ ಜನರ ಕಟ್ಟಳೆಯು ಕಾಡನ್ನು ಕಾಯಿತು. ಕಟ್ಟಳೆಯು ಮರೆತುಹೋದರೆ, ಅಂಚಿನ ಲೆಕ್ಕವೇ ಉಳಿದ ಕೆಲಸವನ್ನು ಮುಗಿಸುತ್ತದೆ.