ಗೊರಸಿನ ಗುರುತಲ್ಲಿ ನಿಂತ ನೀರು



ಕಳೆದ ಭಾನುವಾರದ ಓದಿನಲ್ಲಿ ಒಬ್ಬ ತಂಗಿ ಕೇಳಿದ್ದರು: "ಅಣ್ಣ, ಮೈತ್ರಿ ಭಾವನೆಗೆ ಅಂತ ಕಣ್ಣು ಮುಚ್ಚಿದರೆ ಎದುರಿಗೆ ಬರೋದು ನಮ್ಮನ್ನ ಅವಮಾನ ಮಾಡಿದವರ ಮುಖಾನೇ. ಸಿಟ್ಟು ಇನ್ನೂ ಜಾಸ್ತಿ ಆಗುತ್ತೆ. ಏನು ಮಾಡಲಿ?" ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿ 'ಆಘಾತ ಪಟಿವಿನಯ' ಎಂಬ ಸುತ್ತವಿದೆ. ಭಿಕ್ಖುಗಳಿಗೆ ಸಾರಿಪುತ್ತರು ಹೇಳಿದ್ದು. ಕನ್ನಡದಲ್ಲಿ ಆಘಾತ ಅಂದರೆ ಪೆಟ್ಟು. ಪಾಲಿಯಲ್ಲಿ ಮನಸ್ಸಿನೊಳಗೆ ಉಳಿದುಕೊಂಡ ಹಗೆ. ನಮ್ಮ ಜನಕ್ಕೆ ಎರಡೂ ಒಂದೇ ಅಲ್ಲವೇ? ಆ ಹಗೆಯನ್ನು ಕಳೆದುಕೊಳ್ಳಲು ಸಾರಿಪುತ್ತರು ಐದು ಬಗೆಯ ಜನರಿಗೆ ಐದು ಚಿತ್ರ ಕೊಡುತ್ತಾರೆ. ನಡತೆ ಕೆಟ್ಟಿದ್ದರೂ ಮಾತು ಒಳ್ಳೆಯದಿರುವವನು ದಾರಿಯಲ್ಲಿ ಬಿದ್ದ ಚಿಂದಿ ಬಟ್ಟೆಯಂತೆ. ಭಿಕ್ಖು ಅದನ್ನು ಎಡಗಾಲಲ್ಲಿ ಒತ್ತಿ, ಬಲಗಾಲಲ್ಲಿ ಹರಡಿ, ಗಟ್ಟಿ ಇರುವ ತುಂಡನ್ನಷ್ಟೇ ಹರಿದುಕೊಂಡು ಹೋಗುತ್ತಾನೆ. ಮಾತು ಕೆಟ್ಟಿದ್ದರೂ ನಡತೆ ಒಳ್ಳೆಯದಿರುವವನು ಪಾಚಿ ಕಟ್ಟಿದ ಕೊಳ. ಪಾಚಿ ಸರಿಸಿ ನೀರು ಕುಡಿಯಬೇಕು. ಏನೂ ಒಳ್ಳೆಯದಿಲ್ಲದವನು ಊರು ದೂರವಿರುವ ದಾರಿಯಲ್ಲಿ ಕಾಯಿಲೆ ಬಿದ್ದ ಒಂಟಿ ಪ್ರಯಾಣಿಕ. ಅವನ ಬಗ್ಗೆ ಕರುಣೆ ಮಾತ್ರ ಸಾಧ್ಯ. ಎಲ್ಲವೂ ಒಳ್ಳೆಯದಿರುವವನು ಮರದ ನೆರಳಿರುವ ತಿಳಿನೀರ ಕೊಳ.

ನಾನು ಬಿಟ್ಟದ್ದು ಮೂರನೆಯ ಚಿತ್ರ. ನಡತೆಯೂ ಸರಿಯಿಲ್ಲ, ಮಾತೂ ಸರಿಯಿಲ್ಲ, ಆದರೆ ಅಪರೂಪಕ್ಕೊಮ್ಮೆ ಮನಸ್ಸು ತಿಳಿಯಾಗುವವನು. ಅವನು ಹಸುವಿನ ಗೊರಸಿನ ಗುರುತಲ್ಲಿ ನಿಂತ ಚೂರು ನೀರಿನಂತೆ. ಬಾಯಾರಿ ಬಂದವನು ಬೊಗಸೆಯಲ್ಲೋ ಪಾತ್ರೆಯಲ್ಲೋ ಮೊಗೆದರೆ ಕೆಸರೇಳುತ್ತದೆ. ಆದ್ದರಿಂದ ಮಂಡಿಯೂರಿ, ಹಸುವಿನ ಹಾಗೆ ಬಾಯಿಟ್ಟು ಕುಡಿಯಬೇಕು.

ಮೊದಲ ಸಲ ಓದಿದಾಗ ನನಗೆ ಮೈ ಉರಿದುಹೋಯಿತು. ನಾನು ಹುಡುಗನಾಗಿದ್ದಾಗ ನಮ್ಮಪ್ಪ ಹಾಲ್ಕುರಿಕೆ ಸುತ್ತಿನ ಒಂದು ತೋಟದ ಮನೆಯಲ್ಲಿ ಕಾಯಿ ಸುಲಿಯುತ್ತಿದ್ದರು. ಅಟ್ಟದಿಂದ ಕಾಯಿ ಇಳಿಸಿ, ಮಟ್ಟೆ ಸುಲಿದು, ಗಿಟುಕು ತೆಗೆದು, ತಿಪಟೂರು ಮಂಡಿಗೆ ಹೋಗುವಂತೆ ಚೀಲ ತುಂಬುವವರೆಗೂ ಅವರ ಕೈ ಬೇಕು. ನೀರು ಕೇಳಿದರೆ ಮಾತ್ರ ಬಗ್ಗಿ ಬೊಗಸೆ ಒಡ್ಡಬೇಕು, ಯಜಮಾನರು ಚೊಂಬಿನಿಂದ ಮೇಲಿಂದ ಹೊಯ್ಯುತ್ತಿದ್ದರು. ಬಗ್ಗಿ ಬಗ್ಗಿ ಸವೆದ ನಮಗೆ ಮತ್ತೆ ಬಗ್ಗು ಅನ್ನುತ್ತಾರಲ್ಲ ಅನ್ನಿಸಿತು. ಬಾಬಾಸಾಹೇಬರ ಬಾಲ್ಯವೂ ನೆನಪಾಯಿತು. 1901ರಲ್ಲಿ ತಂದೆಯನ್ನು ನೋಡಲು ಅಣ್ಣನ ಜೊತೆ ಗೋರೆಗಾಂವ್‌ಗೆ ಹೊರಟ ಬಾಲಕ ಭೀಮರಾವ್‌ಗೆ ದಾರಿಯಲ್ಲಿ ಸಿಕ್ಕಿದ್ದು ದನಗಳ ಗಂಜಲ, ಸಗಣಿ ಬೆರೆತು ನಾರುವ ನೀರು. ಬುತ್ತಿ ಇದ್ದೂ ನೀರಿಲ್ಲದೆ ಆ ಮಕ್ಕಳು ಹಸಿದು ಮಲಗಿದರು.

ಎಷ್ಟೋ ದಿನ ಆ ಪುಟ ತೆರೆಯಲಿಲ್ಲ. ಆದರೆ ಹಗೆ ಅಟ್ಟದ ಕಾಯಿಯಂತೆ: ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಅಲುಗಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುತ್ತದೆ. ಚೊಂಬು ಕಂಡರೆ ಸಾಕು, ನನಗೆ ಆ ಸದ್ದು.

ಮತ್ತೆ ಓದಿದಾಗ ಒಂದು ಕಂಡಿತು. ಸಾರಿಪುತ್ತರ ಪ್ರಯಾಣಿಕನಿಗೆ ಬಗ್ಗು ಎಂದು ಯಾರೂ ಹೇಳಿಲ್ಲ. ಬಾಯಾರಿಕೆ ಅವನದು, ತೀರ್ಮಾನವೂ ಅವನದು. ಕೆಸರಿಲ್ಲ ಎಂದೂ ಸುತ್ತ ಹೇಳುವುದಿಲ್ಲ. ಕೆಸರು ಇದೆ ಎಂದೇ ಹೇಳುತ್ತದೆ. ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂದಾಗ ಅದೇ ಯಜಮಾನರು ತಮ್ಮ ಜೀಪಿನಲ್ಲಿ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ತಿಪಟೂರಿಗೆ ಕರೆದೊಯ್ದಿದ್ದರು. ಅಪ್ಪ ಇನ್ನೂ ನಾಲ್ಕು ವರ್ಷ ಬದುಕಿದರು. ಆ ನೆನಪನ್ನು ಮುಟ್ಟಲು ಹೋದಾಗಲೆಲ್ಲ ನಾನು ಮೊಗೆಯುತ್ತಿದ್ದೆ, ಚೊಂಬಿನ ಕೆಸರೆದ್ದು ಆ ರಾತ್ರಿಯೂ ಮುಚ್ಚಿಹೋಗುತ್ತಿತ್ತು.

ಈಗ ಬೆಳಗ್ಗೆ ಹತ್ತು ನಿಮಿಷ ಉಸಿರು ನೋಡಿ, ಆಮೇಲೆ ಆ ಚಿತ್ರ ತಂದುಕೊಳ್ಳುತ್ತೇನೆ. ಸುತ್ತದಲ್ಲಿ ಹೇಳಿದ ದಾರಿ ನನಗೆ ಕಾಣುವುದಿಲ್ಲ, ಕಾಣುವುದು ನಮ್ಮ ತೋಟದ ಬದು. ಮಳೆ ನಿಂತಿದೆ, ಕೆಂಪು ಮಣ್ಣು, ಗೊರಸಿನ ಗುರುತು, ಅಂಗೈಯಗಲ ನೀರು. ಯಜಮಾನರ ಮುಖ ಬೇಡ, ಜೀಪಿನ ದೀಪ ಸಾಕು. ಕೆಲವು ದಿನ ಕೆಸರು ಏಳುತ್ತದೆ. ಆಗ ಎದ್ದುಬಿಡುತ್ತೇನೆ, ಒತ್ತಾಯ ಮಾಡಿಕೊಳ್ಳುವುದಿಲ್ಲ.

ಇದನ್ನು ಹಕ್ಕಿನ ಮಾತಿಗೆ ಬೆರೆಸಬೇಡಿ. ನೀರಿನ ಹಕ್ಕಿಗೆ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದ ಬಾಬಾಸಾಹೇಬರೇ ದಾರಿ. ಇವತ್ತೂ ಯಾರಾದರೂ ಬೇರೆ ಲೋಟ ಇಟ್ಟರೆ ದೂರು ಕೊಡಬೇಕು. ಕೈ ನಡುಗದೆ ದೂರು ಬರೆಯಲು ಈ ಅಭ್ಯಾಸ ಸಹಾಯ ಮಾಡುತ್ತದೆ ಎಂಬುದು ನನ್ನ ಅನುಭವ.

ತಂಗಿ, ನೀವು ಅತಿ ನೋವು ಕೊಟ್ಟವರಿಂದ ಶುರು ಮಾಡಬೇಡಿ. ಬಸ್ಸಿನಲ್ಲಿ ಒರಟಾಗಿ ಮಾತಾಡಿದ ಕಂಡಕ್ಟರ್ ಸಾಕು. ಅವನು ಯಾವ ಚಿತ್ರ, ಚಿಂದಿಯೋ ಪಾಚಿಯೋ, ನೋಡಿಕೊಳ್ಳಿ.

ಮೊನ್ನೆ ಆ ಮನೆಯ ಮುಂದೆ ಹಾದುಹೋದೆ. ಯಜಮಾನರಿಗೆ ಈಗ ಕಣ್ಣು ಮಂಜು. "ಯಾರಪ್ಪ ಅದು?" ಅಂದರು. ಅಪ್ಪನ ಹೆಸರು ಹೇಳಿದೆ. "ಬಾ, ಕೂತ್ಕೋ" ಅಂದರು. ಕೂರಲು ಆಗಲಿಲ್ಲ. ನಿಂತೇ ನಾಲ್ಕು ಮಾತಾಡಿ ಬಂದೆ.

ಜೈ ಭೀಮ್.