ಕಾಗದಪತ್ರ ಆಗುವ ಮೊದಲೇ ಕೆಲಸ: ಕಾನೂನು ಏನು ಹೇಳುತ್ತದೆ?



ಕೋಡಿಯ ಮನೆಯಲ್ಲೇ ಕುಳಿತು ಬೆಂಗಳೂರಿನ ಏಜೆನ್ಸಿಗೆ ಪೋಸ್ಟರ್, ವಿಡಿಯೋ ಎಡಿಟಿಂಗ್, ಅನುವಾದ ಮಾಡಿಕೊಡುವುದು ಈಗ ಸಾಧ್ಯ. ಇದಕ್ಕೆ ಫ್ರೀಲಾನ್ಸ್ ಕೆಲಸ ಎನ್ನುತ್ತಾರೆ. "ಅರ್ಜೆಂಟ್ ಇದೆ, ಶುರು ಮಾಡಿ, ಅಗ್ರಿಮೆಂಟ್ ಆಮೇಲೆ ಕಳಿಸುತ್ತೇವೆ" ಎಂಬ ಮಾತು ಇಲ್ಲಿ ಸಾಮಾನ್ಯ. ಹಾಗೆ ಕೆಲಸ ಮಾಡಿಕೊಟ್ಟ ಮೇಲೆ ಹಣ ಬಾರದಿದ್ದರೆ?

ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1944ರಲ್ಲಿ ಬಂಗಾಳದ ಬಿ.ಕೆ. ಮಂಡಲ್ ಅಂಡ್ ಸನ್ಸ್ ಎಂಬ ಗುತ್ತಿಗೆ ಸಂಸ್ಥೆ ಅಧಿಕಾರಿಗಳ ಕೋರಿಕೆಯಂತೆ ಸರಕಾರದ ನಾಗರಿಕ ಪೂರೈಕೆ ಇಲಾಖೆಗೆ ಕಟ್ಟಡ, ಶೆಡ್‌ಗಳನ್ನು ಕಟ್ಟಿಕೊಟ್ಟಿತು. ಇಲಾಖೆ ಅವನ್ನು ಬಳಸಿತು. ಆದರೆ ಸುಮಾರು 19 ಸಾವಿರ ರೂಪಾಯಿಯ ಬಾಕಿ ಕೇಳಿದಾಗ, ನಿಯಮದ ಪ್ರಕಾರ ಲಿಖಿತ ಒಪ್ಪಂದವೇ ಆಗಿಲ್ಲ ಎಂದು ಸರಕಾರ ವಾದಿಸಿತು. 1961ರ ಡಿಸೆಂಬರ್‌ನಲ್ಲಿ ತೀರ್ಪು ಸಂಸ್ಥೆಯ ಪರವಾಗಿ ಬಂತು. ಬಹುಮತದ ತೀರ್ಪು ಬರೆದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್.

ತೀರ್ಪಿಗೆ ಆಧಾರ 1872ರ ಭಾರತೀಯ ಒಪ್ಪಂದ ಕಾಯ್ದೆಯ 70ನೇ ಸೆಕ್ಷನ್. ಕೆಲಸ ಕಾನೂನುಬದ್ಧವಾಗಿರಬೇಕು, ಪುಕ್ಕಟೆ ಮಾಡುವ ಉದ್ದೇಶ ಇರಬಾರದು, ಎದುರಿನವರು ಅದರ ಪ್ರಯೋಜನ ಪಡೆದಿರಬೇಕು. ಈ ಮೂರೂ ಇದ್ದರೆ ಪರಿಹಾರ ಕೊಡಲೇಬೇಕು.

ಆದರೆ ಇದನ್ನೇ ನಂಬಿ ಧೈರ್ಯವಾಗಿ ಕೂರುವಂತಿಲ್ಲ. ಎದುರಿನವರಿಗೆ ಕೆಲಸವನ್ನು ಸ್ವೀಕರಿಸದಿರುವ ಅವಕಾಶವೂ ಇದೆ. ನೀವು ಹತ್ತು ಪೋಸ್ಟರ್ ಮಾಡಿ ಕಳಿಸಿದಾಗ ಏಜೆನ್ಸಿ "ಬೇಡ" ಎಂದು ಒಂದನ್ನೂ ಬಳಸದಿದ್ದರೆ ಈ ಸೆಕ್ಷನ್ ನೆರವಿಗೆ ಬರುವುದಿಲ್ಲ. ಸಿಕ್ಕರೂ ಸಿಗುವುದು ಕೆಲಸದ ನ್ಯಾಯವಾದ ಬೆಲೆಯೇ ಹೊರತು ನೀವು ಮನಸ್ಸಿನಲ್ಲಿಟ್ಟುಕೊಂಡ ದರವಲ್ಲ. ಮಂಡಲ್ ಸಂಸ್ಥೆ ಅಂತಿಮ ತೀರ್ಪಿಗೆ ಕಾದದ್ದು ಸುಮಾರು 17 ವರ್ಷ!

ಪಿಯುಸಿ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ವಿಷಯ ವಯಸ್ಸು. 18 ತುಂಬದವರು ಮಾಡಿಕೊಂಡ ಒಪ್ಪಂದ ಅನೂರ್ಜಿತ ಎಂದು ಮೊಹೊರಿ ಬೀಬಿ ಪ್ರಕರಣದಲ್ಲಿ (1903) ಪ್ರಿವಿ ಕೌನ್ಸಿಲ್ ಹೇಳಿದೆ. ಆದ್ದರಿಂದ 18 ತುಂಬುವವರೆಗೆ ತಂದೆ ತಾಯಿಗೆ ತಿಳಿಸದೆ ಇಂಥ ಕೆಲಸ ಒಪ್ಪಿಕೊಳ್ಳಬೇಡಿ. ಒಪ್ಪಂದ ಅವರ ಹೆಸರಿನಲ್ಲಿರಲಿ.

ಹಾಗಾದರೆ ಅಗ್ರಿಮೆಂಟ್ ಬರುವವರೆಗೆ ಏನು ಮಾಡಬೇಕು? ಬಾಯಿಮಾತಿನ ಒಪ್ಪಂದಕ್ಕೂ ಸಾಮಾನ್ಯವಾಗಿ ಮಾನ್ಯತೆ ಇದೆ. ಕಷ್ಟವಿರುವುದು ಅದನ್ನು ಸಾಬೀತುಪಡಿಸುವುದರಲ್ಲಿ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಇಮೇಲ್ ಕಳಿಸಿ. ಅದರಲ್ಲಿ ಇವಿಷ್ಟು ಇರಲಿ:

1. ಕೆಲಸ ಯಾವುದು, ಎಷ್ಟು, ಎಂದಿಗೆ ಮುಗಿಯಬೇಕು.
2. ಒಟ್ಟು ಹಣ ಎಷ್ಟು, ಮುಂಗಡ ಎಷ್ಟು, ಬಾಕಿ ಯಾವ ದಿನ.
3. ಎಷ್ಟು ಸಲ ತಿದ್ದಿಕೊಡಬೇಕು.
4. ಮಧ್ಯದಲ್ಲಿ ನಿಲ್ಲಿಸಿದರೆ ಅಲ್ಲಿಯವರೆಗಿನ ಕೆಲಸಕ್ಕೆ ಎಷ್ಟು.

"ಒಪ್ಪಿಗೆ" ಎಂಬ ಉತ್ತರ ಬಂದ ಮೇಲೆಯೇ ಶುರು ಮಾಡಿ. ಇಮೇಲ್, ವಾಟ್ಸಾಪ್ ಮೂಲಕ ಆದದ್ದು ಎಂಬ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಇದನ್ನು ಸ್ಪಷ್ಟಪಡಿಸಿದೆ.

ಬರೆದು ಕೊಡಿ ಎಂದು ಕೇಳುವುದು ಅಪನಂಬಿಕೆಯಲ್ಲ. ಕುರ್‌ಆನಿನ ಅತಿ ದೀರ್ಘ ವಚನ (2:282) ಹೇಳುವುದೂ ಸಾಲದ ವ್ಯವಹಾರವನ್ನು ಬರೆದಿಡುವ ವಿಷಯವನ್ನೇ. ಬರೆದಿಟ್ಟ ಲೆಕ್ಕ ಇಬ್ಬರನ್ನೂ ಕಾಯುತ್ತದೆ.